ಏಳು ಭಾಷೆಗೂ ಸಿಗದವನು

ಬಾಗಿಲಲ್ಲಿ ಕಾವಲು ಕೂತಿದ್ದ ಹೆಂಗಸು ಚಹಾ ತರಲು ಎದ್ದು ಹೋದಳು. ಅಷ್ಟೇ ಸಾಕಾಯಿತು. ಅವನು ಮೂರು ಮಹಡಿಯ ಮೆಟ್ಟಿಲನ್ನು ಮೂರೇ ಉಸಿರಿನಲ್ಲಿ ಇಳಿದು ಮಣಿಪಾಲದ ರಸ್ತೆಗೆ ಬಿದ್ದ.

ಬಿಸಿಲು ಎಂಥದ್ದೆಂದರೆ, ಆ ಡಾಮರಿನ ಮೇಲೆ ಊರಿಗೆಲ್ಲ ನೀರುದೋಸೆ ಹೊಯ್ಯಬಹುದಿತ್ತು. ಅವನು ನೆರಳು ಹುಡುಕಲಿಲ್ಲ. ತಿರುಗಿ ತಿರುಗಿ ನೋಡುತ್ತಾ ನಡೆದ.

ಹನ್ನೊಂದು ದಿನ ಅವನನ್ನು ಒಂದೇ ಕೋಣೆಯಲ್ಲಿ ಇಟ್ಟಿದ್ದರು. ದಿನವೂ ಬೆಳಿಗ್ಗೆ ಒಬ್ಬಳು ಹುಡುಗಿ ಬಂದು ಚಿತ್ರದ ಕಾರ್ಡುಗಳನ್ನು ಮುಂದೆ ಹಿಡಿಯುತ್ತಿದ್ದಳು. ಬೀಗ. ಕತ್ತರಿ. ಬಾಳೆಹಣ್ಣು. ಏನೇನೋ ಕೇಳಿ ಬಾಯಿ ಬಿಡಿಸಲು ನೋಡುತ್ತಿದ್ದಳು. ಅವನು ಉದ್ದುದ್ದ ಉತ್ತರ ಕೊಡುತ್ತಿದ್ದ. ಅವಳು ಬರೆದುಕೊಂಡು ಮತ್ತೆ ಅದೇ ಬೀಗ ತೋರಿಸುತ್ತಿದ್ದಳು. ಇವರೆಲ್ಲರ ಮಾತು ಅವನ ಕಿವಿಗೆ ಡಬ್ಬದಲ್ಲಿ ಜಲ್ಲಿಕಲ್ಲು ಕುಲುಕಿದ ಹಾಗಿತ್ತು. ಕಾವಲಿನ ಹೆಂಗಸಿನದೂ ಅದೇ ಜಲ್ಲಿ. ಅವಳದು ಕೂಡ ಅರ್ಥವಾಗದೆ ಹೋದದ್ದೇ ಅವನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು.

ಅವನಿಗೆ ಬೇಕಾದದ್ದು ಒಂದೇ. ತಾನು ಹೇಳಿದ್ದು ತಿಳಿಯುವ ಒಬ್ಬ ಮನುಷ್ಯ. ಕೋಣೆಯಲ್ಲಿ ಸಿಗಲಿಲ್ಲ. ಹೊರಗೆ ಎಲ್ಲಾದರೂ ಇರಲೇಬೇಕು.

ಮೊದಲು ಸಿಕ್ಕಿದವನು ಜ್ಯೂಸ್ ಅಂಗಡಿಯ ಮೌರಿಸ್. ಇಪ್ಪತ್ತೆರಡು ವರ್ಷ ಕುವೈತಿನಲ್ಲಿದ್ದು ಎರಡು ತಿಂಗಳ ಹಿಂದಷ್ಟೇ ಬಂದವನು. ಅವನಿಗೆ ಏಳು ಭಾಷೆ ಬರುತ್ತಿತ್ತು. ಅವನ ಲೆಕ್ಕದಲ್ಲಿ ಏಳೂವರೆ, ಅರ್ಧ ಫಿಲಿಪೈನ್ಸಿನದು. ಅವನು ಅರಬಿಯಲ್ಲಿ ಬೈದರೆ ಒಂಟೆಗಳೂ ತಲೆ ತಗ್ಗಿಸುತ್ತಿದ್ದವಂತೆ.

ಕೆಂಪು ಮುಖ, ಹೂವಿನ ಬರ್ಮುಡಾ, ಕೈಗೆ ಪ್ಲಾಸ್ಟಿಕ್ ಪಟ್ಟಿ. ಮೌರಿಸ್ ಒಂದೇ ನೋಟಕ್ಕೆ ಗಿರಾಕಿಯನ್ನು ಅಳೆದು ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದ.

ಅವನು ಉತ್ತರಿಸಿದ. ಆ ಮಾತಿನಲ್ಲಿ ಏರು ಉಂಟು, ಇಳಿತ ಉಂಟು, ನಡುವೆ ಒಂದು ಪ್ರಶ್ನೆಯೂ ಉಂಟು. ಒಂದು ಶಬ್ದವೂ ಈ ಭೂಮಿಯದ್ದಲ್ಲ.

ಮೌರಿಸ್ ಹಿಂದಿ ಬಿಟ್ಟ. ಮಲಯಾಳ ಬಿಟ್ಟ. ಅರಬಿ, ಕೊಂಕಣಿ, ತುಳು, ಕನ್ನಡ, ಎಲ್ಲ ಖಾಲಿಯಾಯಿತು.

"ಏಳೂ ಮುಗಿಯಿತಾ ಮೌರಿಸಣ್ಣ?" ಎಂದಳು ಪಕ್ಕದಲ್ಲಿ ಹೂ ಮಾರುವ ಸುಗಂಧಿ. "ಇನ್ನೂ ಅರ್ಧ ಉಂಟಲ್ಲ."

"ಸುಮ್ಮನಿರು ಮಾರಾಯ್ತಿ. ಇದು ಪೋರ್ಚುಗೀಸ್. ರಾಗದಲ್ಲೇ ಗೊತ್ತಾಗುವುದಿಲ್ವಾ?"

"ನಿಮಗೆ ಪೋರ್ಚುಗೀಸ್ ಬರ್ತದಾ?"

"ಬರುವುದಿಲ್ಲ. ಅದಕ್ಕೇ ಗೊತ್ತಾದದ್ದು. ನನಗೆ ಬಾರದ್ದು ಅದೊಂದೇ."

"ಕೈಯಲ್ಲಿ ಅದೆಂತ ಪಟ್ಟಿ?"

"ರೆಸಾರ್ಟಿನದು. ಅದು ಕಟ್ಟಿದರೆ ಊಟ ಫ್ರೀ."

ಆ ಮನುಷ್ಯ ಇದ್ದಕ್ಕಿದ್ದಂತೆ ಮೌರಿಸನ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿತ್ತು. ಏನನ್ನೋ ಬೇಡುತ್ತಿದ್ದ, ಬೇಡುತ್ತಲೇ ಇದ್ದ. ಮೌರಿಸನ ನಗೆ ನಿಂತಿತು.

"ದಾರಿ ತಪ್ಪಿದೆ ಪಾಪ. ಫಾರಿನಿನವರು ಹೋಗುವುದೆಲ್ಲಿಗೆ? ಕಾಪು ಲೈಟ್‌ಹೌಸಿಗೆ. ಅಲ್ಲಿ ಇವನ ಭಾಷೆಯವರು ಡಜನ್‌ಗಟ್ಟಲೆ ಸಿಗ್ತಾರೆ."

ಹೆಜಮಾಡಿಗೆ ಹೋಗುವ ಸರ್ವಿಸ್ ಬಸ್ಸು ಬಂತು. "ಕಾಪುವಿನಲ್ಲಿ ಇಳಿಸಿ" ಎಂದು ಕೂಗಿ ಮೌರಿಸ್ ಅವನನ್ನು ಹಿಂದಿನ ಬಾಗಿಲಿನಿಂದ ಹತ್ತಿಸಿದ. ಆ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಬಸ್ಸಿನಲ್ಲಿ ಕಾಲೇಜು ಹುಡುಗರೇ ಸಾವಿರ ಜನ. ಕಂಡಕ್ಟರ್ ಜೋವಿನ್ ಮುಂದಿನ ಬಾಗಿಲ ಬಳಿ ಟಿಕೆಟು ಹರಿಯುತ್ತಾ ಸಿಕ್ಕಿಬಿದ್ದಿದ್ದ. ಒಬ್ಬ ವಿದ್ಯಾರ್ಥಿ ಎದ್ದು ಸೀಟು ತೋರಿಸಿದ. ಅವನು ಕೂರಲಿಲ್ಲ. ಮೆಟ್ಟಿಲ ಬಳಿಯ ಕಂಬಿಗೆ ಬೆನ್ನು ಕೊಟ್ಟು ನಿಂತ. ಇಂದ್ರಾಳಿಯ ಇಳಿಜಾರಿನಲ್ಲಿ ಬ್ರೇಕು ಬಿದ್ದು ಆ ಸಾವಿರ ಜನ ಒಬ್ಬರ ಮೇಲೊಬ್ಬರು ಬಿದ್ದರು. ಅವನು ಏನನ್ನೂ ಹಿಡಿಯದೆ ನೆಟ್ಟಗಿದ್ದ.

ಕಲ್ಸಂಕದಲ್ಲಿ ಹತ್ತಿದವರ ಮಾತಿಗೆ ಕಿವಿಯಾನಿಸಿದ. ಜಲ್ಲಿ. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರನ್ನು ತಾನೇ ಮಾತಾಡಿಸಿದ. ಅವರು ಜಾಗ ಬಿಟ್ಟು ಸರಿದು ನಿಂತರು. ಉದ್ಯಾವರದ ಸೇತುವೆಯೂ ಹಿಂದೆ ಬಿತ್ತು. ಇನ್ನು ಕಟಪಾಡಿ, ಕಾಪು. ಅಲ್ಲಿಯೂ ಇಲ್ಲದಿದ್ದರೆ ಆ ಮನುಷ್ಯ ಎಲ್ಲಿಯೂ ಇಲ್ಲ.

ಕಟಪಾಡಿಯಲ್ಲಿ ಅಂಬವ್ವ ಹತ್ತಿದಳು. ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು, ಕೈಯಲ್ಲಿ ಸಿಮೆಂಟಿನ ಬಾಂಡ್ಲಿ.

"ಹಂಗ್ಯಾಕ ಬಾಯಿ ನೋಡ್ತೀರಿ? ಇದನ್ನಾರ ಹಿಡೀರಿ."

ಅವನಿಗೆ ತಿಳಿಯಲಿಲ್ಲ. ಆದರೂ ಬಾಂಡ್ಲಿ ಎತ್ತಿ ಒಳಗಿಟ್ಟ. ಅವಳ ಎರಡನೆಯ ಕಾಲು ಮೆಟ್ಟಿಲ ಮೇಲೆ ಬಂದದ್ದನ್ನು ನೋಡಿದ. ತಲೆ ಹೊರಹಾಕಿ ಹಿಂದೆ ನೋಡಿದ. ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದ.

ಬಸ್ಸು ಹೊರಟಿತು.

ಅವನು ತನ್ನ ಅಂಗೈ ನೋಡಿಕೊಂಡ. ಹನ್ನೊಂದು ದಿನದಲ್ಲಿ ಅವನು ಹೇಳಿದ್ದು ಮೊದಲ ಸಲ ಒಬ್ಬರಿಗೆ ಅರ್ಥವಾಗಿತ್ತು. ನಗಲು ಹೋದ, ಅಳು ಬಂತು.

"ರೈಟ್ ಕೊಟ್ಟದ್ದು ಯಾರು ಮಾರಾಯ್ರೆ?" ಮುಂದಿನಿಂದ ಜೋವಿನ್ ರೇಗಿದ. "ಕಂಡಕ್ಟರ್ ನಾನಾ, ನೀವಾ?" ಜನರನ್ನು ಸೀಳಿಕೊಂಡು ಹಿಂದಕ್ಕೆ ಬಂದವನು ಅಲ್ಲೇ ನಿಂತುಬಿಟ್ಟ.

"ಬೈಬ್ಯಾಡ್ರಿ" ಎಂದಳು ಅಂಬವ್ವ. "ಪರದೇಶದಾಂವ, ಭಾಷಾ ಬರೂದಿಲ್ಲ. ನಾವೂ ಬಂದ ಹೊಸದಾಗ ಹಿಂಗ ಇದ್ವಿ."

ಜೋವಿನ್ ಅವನ ತೋಳು ಹಿಡಿದುಕೊಂಡ. ಫೋನ್ ತೆಗೆದ. ಆ ಕಡೆಯಿಂದ ಒಬ್ಬ ಹೆಂಗಸಿನ ಅಳು ಕೇಳಿಸಿತು.

"ಗ್ಲೋರಿಯಾ ಆಂಟಿ, ಅಳಬೇಡಿ. ಆಸ್ಪತ್ರೆಯಲ್ಲಿ ಇನ್ನು ಹುಡುಕುವುದು ಬೇಡ. ಅಂಕಲ್ ನನ್ನ ಬಸ್ಸಿನಲ್ಲಿದ್ದಾರೆ."

ಹನ್ನೊಂದು ದಿನದ ಹಿಂದೆ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಬಾಗಿಲಲ್ಲಿ ಕಾವಲು ಕೂತಿದ್ದ ಹೆಂಡತಿ ಗ್ಲೋರಿಯಾಳ ಮಾತೂ ಸೇರಿ ಇದ್ದ ಮಾತೆಲ್ಲ ಅಳಿಸಿಹೋಗುವವರೆಗೆ, ಕಾಪುವಿನ ಸ್ಟ್ಯಾನಿಸ್ಲಾಸನಿಗೆ ಈ ದಾರಿಯಲ್ಲಿ ಅರ್ಥವಾಗದ ಮಾತೇ ಇರಲಿಲ್ಲ. ಜೋವಿನನಿಗೆ ಕೆಲಸ ಕಲಿಸಿ ನಿವೃತ್ತನಾಗುವ ತನಕ ಮೂವತ್ತೊಂದು ವರ್ಷ ಈ ರೂಟಿನ ಬಸ್ಸಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕರಲ್ಲೂ ಜನರನ್ನು ಕೂಗಿ ಹತ್ತಿಸಿದ ಕಂಡಕ್ಟರ್ ಅವನು.