ಗೇರ್‌ಬಾಕ್ಸಿನ ಕಾಯಿಲೆ

“ಮೊದಲು ‘ಊಂ…’ ಅನ್ನುತ್ತೆ. ಆಮೇಲೆ ‘ಗ್ರ್ರ್ರ್’. ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ‘ಧಡಕ್’,” ಎಂದು ಹಾಜಿ ಚಾಸಿಬ್ ಕೆನ್ನೆ ಉಬ್ಬಿಸಿ, ಕತ್ತು ಕುಲುಕಿ, ತಮ್ಮ ಹಳೇ ಕಾರಿನ ಸಂಕಟವನ್ನು ಅಭಿನಯಿಸಿ ತೋರಿಸಿದರು.

ಶಾಕಿರ್ ಕಣ್ಣು ಮುಚ್ಚಿ ಕೇಳಿಸಿಕೊಂಡ. ಬಾಗ್ದಾದಿನ ಶೇಖ್ ಉಮರ್ ಬೀದಿಯ ಮೆಕ್ಯಾನಿಕ್‌ಗಳೆಲ್ಲ ಗಿರಾಕಿಗಳ ಬಾಯಲ್ಲಿ ‘ಉಸ್ತಾ’ಗಳೇ, ಕಸುಬಿನ ಗುರುಗಳೇ. ಆದರೆ ಗೇರ್ ತಾನೇ ಬದಲಾಗುವ ಆಟೊಮ್ಯಾಟಿಕ್ ಕಾರು ಮೊಂಡು ಹಿಡಿದರೆ ಜನ ಶಾಕಿರನನ್ನೇ ಹುಡುಕಿಕೊಂಡು ಬರುತ್ತಿದ್ದರು.

“‘ಗ್ರ್ರ್’ ಆದ್ಮೇಲೆ ‘ಧಡಕ್’ ತಡವಾಗಿ ಬರುತ್ತೋ, ಬೆನ್ನಿಗೇ ಬರುತ್ತೋ?”

“ಬೆನ್ನಿಗೇ.”

“ಹಾಗಾದ್ರೆ ನಮ್ಮತ್ತೆ ಜಾತಿ. ಗೊಣಗಾಟ ಮುಗಿಯೋದ್ರೊಳಗೆ ಒದೆ.”

ಹಾಜಿ ನಗಲಿಲ್ಲ. “ತಮಾಷೆ ಬೇಡಪ್ಪ ಉಸ್ತಾ. ದಿನಾ ಬೆಳಗ್ಗೆ ಆರು ಮಕ್ಕಳನ್ನ ಇದ್ರಲ್ಲಿ ಶಾಲೆಗೆ ಬಿಡ್ತೀನಿ. ನಿನ್ನೆ ಗೇಟಿನ ಮುಂದೆ ಹಾರಿಬಿಡ್ತು. ಒಂದು ಮಗುವಿನ ಬ್ಯಾಗು ಚಕ್ರದ ಕೆಳಗೆ ಹೋಯ್ತು. ಮಗು ಉಳೀತು, ಅಷ್ಟೇ. ಕಾರು ಸರಿಯಾಗೋ ತನಕ ಕಳಿಸಲ್ಲ ಅಂತ ಆ ಮಗುವಿನ ಅಪ್ಪ ಹೇಳ್ಬಿಟ್ಟ. ಒಬ್ಬ ಬಿಡಿಸಿದ್ರೆ ಮಿಕ್ಕೋರೂ ಬಿಡಿಸ್ತಾರೆ. ನನಗಿರೋದು ಇದೊಂದೇ ದುಡಿಮೆ.”

ಶಾಕಿರ್ ಬಾನೆಟ್ ಎತ್ತಿ, ಗೇರ್‌ಬಾಕ್ಸಿನ ಎಣ್ಣೆಕಡ್ಡಿಯನ್ನು ಎಳೆದು ಬಿಳಿ ಬಟ್ಟೆಗೆ ಒರೆಸಿದ. ಎಣ್ಣೆಗೆ ದಾಳಿಂಬೆ ರಸದ ಬಣ್ಣ, ಇರಬೇಕಾದ ಹಾಗೆಯೇ. ಮೂಸಿದ, ಸುಟ್ಟ ವಾಸನೆಯಿಲ್ಲ. ಕಾರಿನ ಅಡಿಗೆ ತೂರಿ, ಒಂದೊಂದು ಭಾಗವನ್ನೂ ಅಲುಗಿಸಿ ನೋಡಿದ, ಎಲ್ಲೂ ಸಡಿಲವಿಲ್ಲ. ಕಡೆಗೆ ತಾನೇ ಸ್ಟೀರಿಂಗ್ ಹಿಡಿದು ಮೇಲ್ಸೇತುವೆ ಹತ್ತಿಸಿದ, ಇಳಿಸಿದ. ಬೆಣ್ಣೆಯೊಳಗಿನ ಕೂದಲು ಎಳೆದಂತೆ ಒಂದರ ಹಿಂದೊಂದು ಗೇರ್ ಬದಲಾಯಿತು.

“ನಿನ್ನ ಮುಂದೆ ಮಳ್ಳಿ ಹಾಗೆ ಇದೆ ನೋಡು,” ಎಂದರು ಪಕ್ಕದಲ್ಲಿದ್ದ ಹಾಜಿ, ಕಾರು ತಮ್ಮ ಮಾನ ಕಳೆಯಿತೆಂಬ ಮುಖದಲ್ಲಿ.

“ನೀವೇ ಓಡ್ಸಿ. ನಾನು ಸುಮ್ನೆ ಕೂತಿರ್ತೀನಿ.”

ಸೀಟು ಅದಲುಬದಲಾಯಿತು. ಮೇ ತಿಂಗಳ ಬಿಸಿಲಿಗೆ ಕಾರಿನ ನೆಲದ ತಗಡೂ ಕಾದಿತ್ತು. ಸೇತುವೆಯ ತಿರುವಿನಲ್ಲಿ ಎಂಜಿನ್ ಗುರ್ರೆಂದಿತು, ಗೇರ್ ತಟ್ಟನೆ ಇಳಿಯಿತು, ಕಾರು ಮುಂದಕ್ಕೆ ನೆಗೆಯಿತು. ಕೈಗಾಡಿ ತಳ್ಳುತ್ತಿದ್ದವನೊಬ್ಬ ಗಾಡಿ ಬಿಟ್ಟು ಪಕ್ಕಕ್ಕೆ ಹಾರಿ, ಇವರ ಏಳು ತಲೆಮಾರನ್ನೂ ವಿಚಾರಿಸಿಕೊಂಡ.

“ಆಯ್ತಾ ಈಗ? ನಾನೇನು ಸುಳ್ಳು ಹೇಳ್ತೀನಾ?” ಹಾಜಿಯ ದನಿಯಲ್ಲಿ ಗೆದ್ದ ಸಂತೋಷವಿತ್ತು.

ಶಾಕಿರನ ಕಿವಿ ಅತ್ತ ಇರಲಿಲ್ಲ. ಅವನು ಕೆಳಗೆ ನೋಡುತ್ತಿದ್ದ. ಪೆಡಲನ್ನು ಒತ್ತಿ ಹಿಡಿದಿದ್ದ ಬಲಗಾಲು ಬರಿಗಾಲು. ಹಿಮ್ಮಡಿಯ ಪಕ್ಕ ಕಾಸಿನಗಲದ ಹುಣ್ಣು, ಅದಕ್ಕೆ ಮೆತ್ತಿದ ಧೂಳು. ಚಪ್ಪಲಿ ಮ್ಯಾಟಿನ ಮೂಲೆಯಲ್ಲಿ ಅಂಗಾತ ಬಿದ್ದಿತ್ತು.

“ಹಾಜಿ, ನಿಮ್ಮ ಬಲಗಾಲಿನ ಚಪ್ಪಲಿ ಎಲ್ಲಿ?”

“ಎಲ್ಲಿ ಅಂದ್ರೆ? ಕಾಲಲ್ಲಿ.”

ಕಾರು ಮತ್ತೆ ಅಂಗಡಿಯ ಮುಂದೆ ಬಂದು ನಿಂತಿತು. ಶಾಕಿರ್ ಬಗ್ಗಿ, ಹಾಜಿಯ ಬಲಗಾಲಿನ ಹೆಬ್ಬೆರಳನ್ನು ಉಗುರಿನಿಂದ ಬಲವಾಗಿ ಒತ್ತಿದ. “ಗೊತ್ತಾಗುತ್ತಾ?”

“ಏನು?”

“ಸಕ್ಕರೆ ಕಾಯಿಲೆ ಎಷ್ಟು ದಿನದ್ದು?”

“ಈ ಕಾರಿಗಿಂತ ಹಳೇದು. ಅದಕ್ಕೂ ಇದಕ್ಕೂ ಏನಪ್ಪ?”

“ಗೇರ್‌ಬಾಕ್ಸಿಗೆ ಏನೂ ಆಗಿಲ್ಲ, ಹಾಜಿ. ಪೆಡಲ್ ನೆಲ ಮುಟ್ಟೋ ಹಾಗೆ ತುಳಿದ್ರೆ, ಮುಂದಿನ ಗಾಡೀನ ಹಿಂದೆ ಹಾಕ್ಬೇಕೇನೋ ಅಂತ ಇದು ಗೇರ್ ಇಳಿಸ್ಕೊಂಡು ನೆಗೆಯುತ್ತೆ. ಅದರ ಧರ್ಮ ಅದು. ಸಕ್ಕರೆ ಕಾಯಿಲೆಗೆ ನಿಮ್ಮ ಕಾಲು ಮರಗಟ್ಟಿದೆ, ಎಷ್ಟು ತುಳೀತಿದೀನಿ ಅನ್ನೋದೇ ಅದಕ್ಕೆ ತಿಳೀತಿಲ್ಲ.” ಅವನು ಪಕ್ಕದ ಪೆಡಲಿನತ್ತ ಬೆರಳು ತೋರಿಸಿದ: “ಬ್ರೇಕಿಗೂ ಇದೇ ಕಾಲು. ಮಕ್ಕಳನ್ನ ಕೂರಿಸ್ಕೋಬೇಡಿ.”

ಹಾಜಿ ಗಾಜಿನಾಚೆ ನೋಡುತ್ತ, ಬಹಳ ಮೆತ್ತಗೆ, “ಬಿಚ್ಚಿ ನೋಡು ಮಗಾ. ಇಷ್ಟು ಹಳೇ ಕಾರು, ಒಳಗೆ ಏನಾದ್ರೂ ಸವೆದಿರುತ್ತೆ,” ಎಂದರು.

“ಏನೂ ಸವೆದಿಲ್ಲ.”

“ಒಂದು ಚಿಕ್ಕ ಚಕ್ರ. ಒಂದು ಪಟ್ಟಿ. ಏನಾದ್ರೂ ಹೇಳು.”

ಶಾಕಿರ್ ಇಲ್ಲವೆಂದು ತಲೆಯಾಡಿಸಿ, ಅವರು ಇನ್ನು ಓಡಿಸದಿರಲೆಂದು ಕೀಲಿಗೆ ಕೈ ಚಾಚಿದ. ಮಿಠಾಯಿ ಡಬ್ಬಿಯಿಂದ ಮೊಮ್ಮಗನ ಕೈ ತೆಗೆಯುವ ಹಾಗೆ ಹಾಜಿ ಅವನ ಕೈಯನ್ನು ಮೆಲ್ಲಗೆ ಸರಿಸಿದರು. “ನಿನಗೆ ಗೇರ್‌ಬಾಕ್ಸ್ ಗೊತ್ತು ಅಂತ ಬಂದೆ. ಗೊತ್ತಿಲ್ಲ ಅಂದಿದ್ರೆ ಆಗ್ತಿತ್ತು, ಕಾಲ್ಯಾಕೆ ಹಿಡಿಬೇಕಿತ್ತು? ಇಳಿ.”

ಶಾಕಿರ್ ಇಳಿದ. ಕಾರು ರಸ್ತೆ ದಾಟಿ ಎದುರಿನ ಅಂಗಡಿಯ ಮುಂದೆ ನಿಂತಿತು. ಅಲ್ಲಿನ ಉಸ್ತಾ ನಜಾಹ್ ಚಹಾದ ಲೋಟ ಹಿಡಿದೇ ಹೊರಬಂದ. ಹಾಜಿಯ ಕಾಲಿನ ವಿಷಯ ಅವನಿಗೆ ಹೇಳಿಬಿಡಬೇಕೆಂದು ಶಾಕಿರ್ ಹೊರಟ. ಸಾಲು ಲಾರಿಗಳು ಅಡ್ಡ ಬಂದು, ಅವನು ರಸ್ತೆಯ ನಡುವೆಯೇ ನಿಲ್ಲಬೇಕಾಯಿತು. ಕಡೆಯ ಲಾರಿ ದಾಟಿದಾಗ ನಜಾಹ್ ಬಾನೆಟ್ಟನ್ನೂ ಎತ್ತದೆ, ಬರೀ ಅದರ ಮೇಲೆ ಅಂಗೈಯಿಟ್ಟು ತೀರ್ಪು ಕೊಡುತ್ತಿದ್ದ:

“ಗೇರ್‌ಬಾಕ್ಸ್ ಪೂರ್ತಿ ಹೋಗಿದೆ, ಹಾಜಿ. ಬೇರೇದು ಕೂರಿಸ್ತೀನಿ. ಶುಕ್ರವಾರ, ಶನಿವಾರದ ರಜೆ ಕಳೀಲಿ, ಭಾನುವಾರದಿಂದ ಮಕ್ಕಳನ್ನ ಕರ್ಕೊಂಡು ಹೋಗಿ.”

“ಅಲ್‌ಹಮ್ದುಲಿಲ್ಲಾ,” ಎಂದು ದೇವರನ್ನು ಕೊಂಡಾಡಿದರು ಹಾಜಿ ಚಾಸಿಬ್. ನಜಾಹನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿಸಿ, ಅವನ ಹಣೆಗೆ ಮುತ್ತಿಟ್ಟರು.