ಕೈಲಿದ್ದ ಕತ್ತರಿ

ಮುದುಕನಿಗೆ ನೆನಪು ಕೈಕೊಟ್ಟಿದೆ ಎಂದು ಬೆನ್ನ ಹಿಂದೆ ಪಿಸುಗುಡುವವರು ಈ ವಾಯ್ಸ್ ಮೆಸೇಜು ಮುಗಿಯುವವರೆಗೆ ಬಾಯಿಗೆ ಬೀಗ ಹಾಕಿಕೊಳ್ಳಿ. ಇವತ್ತು ಬೆಳಿಗ್ಗೆ ಏನು ತಿಂದೆ ಎನ್ನುವುದು ಮರೆತಿರಬಹುದು, ಇದು ಮರೆತಿಲ್ಲ. ಹಗಲು ಹನ್ನೊಂದೂಕಾಲು. ನಮ್ಮ ಹೊಲಿಗೆ ಅಂಗಡಿಯ ಮುಂದಿನ ಕೋಣೆಯಲ್ಲಿ ನಾನು ಒಬ್ಬ ದಪ್ಪ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದ್ದೆ. ಒಳಗೆ ಕಟಿಂಗ್ ಟೇಬಲ್ಲಿನ ಆಚೆ ಬದಿಗೆ, ನಾವೆಲ್ಲ ಗುಂಡುಸೂಜಿ ಎಂದು ಕರೆಯುವ ನನ್ನ ಶಿಷ್ಯೆ ನಿಂತಿದ್ದಳು, ಕೈಯಲ್ಲಿ ನನ್ನ ದೊಡ್ಡ ಕತ್ತರಿ. ಆಗ ಅವಳ ತಂಗಿಯ ಗಂಡ, ಹಳೆ ಪೇಪರಿನಲ್ಲಿ ಏನನ್ನೋ ಸುತ್ತಿಕೊಂಡು, ನನ್ನನ್ನು ದಾಟಿ ಸೀದಾ ಒಳಗೆ ನಡೆದ.

ಗುಂಡುಸೂಜಿ ಎಂದರೆ ನನ್ನ ಕೈಕೆಳಗೆ ಆರು ವರ್ಷ ಕೆಲಸ ಕಲಿತವಳು. ಟೇಬಲ್ಲಿನ ಆ ತುದಿ ಎಟುಕಬೇಕಾದರೆ ಮಣೆ ಹತ್ತಬೇಕು, ಬಾಯಿ ಮಾತ್ರ ಆಳೆತ್ತರ. ಗಂಡನ ಏಟು ತಿಂದು ತಿಂದು ಸಾಕಾದ ತಂಗಿಯನ್ನು ಇವಳೇ ಕರೆತಂದು ಎಲ್ಲೋ ಇರಿಸಿದ್ದಳು. ಎಲ್ಲಿ ಎಂದು ಹೇಳದಿದ್ದರೆ ಕೊಚ್ಚಿಹಾಕುತ್ತೇನೆ ಎಂದು ಅವನು ಹೇಳಿ ಕಳಿಸಿದ್ದ. ಅದಕ್ಕೇ ಹದಿನೈದು ದಿನ ಮೊದಲು, ಕೋಟು ಹೊಲಿಸಲು ಬಂದ ನಿವೃತ್ತ ಪೊಲೀಸಮ್ಮನ ಹತ್ತಿರ ಪಾರಾಗುವ ದಾರಿ ಕೇಳಿದ್ದೆವು.

"ಎಷ್ಟೇ ನಿನ್ನ ತೂಕ?"

"ನಲವತ್ತೊಂದು ಕಿಲೋ ಮೇಡಂ. ಅದೂ ಊಟ ಆದ್ಮೇಲೆ."

"ಹಾಗಿದ್ರೆ ಸಿನಿಮಾದಲ್ಲಿ ನೋಡಿದ್ದೆಲ್ಲ ಮರ್ತುಬಿಡು. ಚಾಕು ಹಿಡಿದೋನ ಕೈಗೆ ಕೈ ಹಾಕೋಕೆ ಹೋಗ್ಬೇಡ. ನಿನ್ನ ಕೈಲಿ ಏನಿದ್ಯೋ ಅದನ್ನ ಮುಖಕ್ಕೆ ಎಸಿ. ಅವನು ಸಾವರಿಸಿಕೊಳ್ಳೋದ್ರೊಳಗೆ ಹಿಂದಿನ ಬಾಗಿಲಿಂದ ಓಡು. ಓಡ್ತಾ ಕೂಗು."

"ಓಡಿದ್ರೆ ಹೇಡಿ ಅಂತಾರಲ್ಲ."

"ಅನ್ಲಿ ಬಿಡು. ಅನ್ನಿಸ್ಕೊಳ್ಳೋಕೆ ನೀನು ಇರ್ತೀಯಲ್ಲ."

ಅಂದಿನಿಂದ ಊಟದ ಬಿಡುವಿನಲ್ಲಿ ಇದೇ ಅಭ್ಯಾಸ. ಮರದ ಸ್ಕೇಲು ಹಿಡಿದು ಮೇಲೆ ಬೀಳುವ ರಾಕ್ಷಸ ನಾನು. ಅವಳು ದಾರದ ರೀಲು, ಚಿಂದಿ ಗಂಟು ಎಸೆದು ಓಡುತ್ತಿದ್ದಳು; ಒಮ್ಮೆ ತನ್ನ ಚಪ್ಪಲಿಯನ್ನೇ ಬೀಸಿ ನನ್ನ ಮೂಗಿಗೆ ಬಾರಿಸಿದಳು. "ಮಾಸ್ಟ್ರೇ, ಮೂಗು ಅಲ್ಲೇ ಇದ್ಯಾ, ಇಲ್ಲ ಎರಡು ಹೊಲಿಗೆ ಹಾಕ್ಲಾ?" ಎಂದು ಬಾಗಿಲಾಚೆಯಿಂದ ಕೇಳಿದಳು. ಪೊಲೀಸಮ್ಮ ಗಡಿಯಾರ ನೋಡಿ, "ಮೂರು ಸೆಕೆಂಡು. ಬದುಕ್ಕೋತೀಯ" ಎಂದಿದ್ದರು.

ಈಗ ಅವನು ಟೇಬಲ್ಲಿನ ಈಚೆ ಬದಿಗೆ ನಿಂತಿದ್ದ.

"ಅಕ್ಕಾ, ಅವಳೆಲ್ಲಿ?"

"ಗೊತ್ತಿಲ್ಲ."

ಅವನು ಪೇಪರು ಬಿಚ್ಚಿದ. ಉದ್ದನೆಯ ಚಾಕು. "ಇನ್ನೊಂದ್ಸಲ ಹೇಳಿ, ಕೇಳೋಣ."

"ಗೊತ್ತಿದ್ರೂ ಹೇಳಲ್ಲ ಕಣೋ."

ನಡುವೆ ಟೇಬಲ್ಲು ಇತ್ತು. ಹಿಂದಿನ ಬಾಗಿಲು ತೆರೆದಿತ್ತು. ಕೈಯಲ್ಲಿ ಮುಕ್ಕಾಲು ಕಿಲೋ ಕಬ್ಬಿಣ. ನಾನು ಗಿರಾಕಿಯನ್ನು ತಳ್ಳಿಕೊಂಡು ಓಡುತ್ತಾ "ಎಸಿಯೇ, ಎಸಿ" ಎಂದು ಅರಚಿದೆ. ಅವಳ ಕೈ ಮೇಲೆದ್ದಿತು. ಅಲ್ಲೇ ನಿಂತಿತು. ಕತ್ತರಿಯ ಬಾಯಿ ಮುಚ್ಚಿದಳು. ಬಟ್ಟೆಯ ಅಂಚನ್ನು ಮಡಚಿ ಮೆತ್ತೆ ಮಾಡಿದಳು. ನಿದ್ದೆ ಹೋದ ಕೂಸನ್ನು ಮಲಗಿಸುವ ಹಾಗೆ, ಸದ್ದಾಗದಂತೆ ಅದರ ಮೇಲೆ ಇಟ್ಟಳು. ಆಮೇಲೆ ಓಡಲು ತಿರುಗಿದಳು. ಅಷ್ಟರಲ್ಲಿ ಅವನು ಟೇಬಲ್ಲು ಸುತ್ತಿ ಬಂದಾಗಿತ್ತು. ಮುಖಕ್ಕೆ ಅಡ್ಡ ಹಿಡಿದ ಅವಳ ಬಲಗೈ ಮೇಲೆ ಚಾಕುವಿನ ಎರಡು ಏಟು ಬಿತ್ತು. ನಾನೂ ಗಿರಾಕಿಯೂ ಸೇರಿ ಅವನನ್ನು ಕೆಡವಿದೆವು, ಪೊಲೀಸರು ಎಳೆದುಕೊಂಡು ಹೋದರು. ಅದರಿಂದ ಬಂದ ಭಾಗ್ಯವೇನು? ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದರು.

"ಯಾಕೆ ಎಸೀಲಿಲ್ವೇ, ತಾಯಿ?" ಆಸ್ಪತ್ರೆಯ ಮಂಚದ ಪಕ್ಕ ಕೂತು ಕೇಳಿದೆ.

ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದಳು. "ನಿಮ್ಮ ಕತ್ತರಿ ಅಲ್ವಾ ಮಾಸ್ಟ್ರೇ. ಎಸೆದ್ರೆ ಬಾಯಿ ಮೊಂಡಾಗಿ ಹೋಗ್ತಿತ್ತು."

ಆ ಪಾಠ ಹೇಳಿಕೊಟ್ಟವನು ನಾನೇ. ಸೇರಿದ ಮೊದಲ ವಾರ ಕತ್ತರಿ ಅವಳ ಕೈಜಾರಿ ಬಿದ್ದಾಗ, ಇದು ಇನ್ನೊಮ್ಮೆ ನೆಲ ಕಂಡರೆ ನೀನು ಬೀದಿ ಕಾಣುತ್ತೀಯ ಎಂದು ನಾಲ್ಕು ಜನರೆದುರು ಮಾನ ಕಳೆದು, ಒಂದು ತಿಂಗಳು ಬರೀ ಗುಂಡಿ ಹಾಕಲು ಕೂರಿಸಿದ್ದೆ. ಆಮೇಲೂ ದಿನಕ್ಕೆ ಹತ್ತು ಸಲ ಅದೇ ಮಂತ್ರ. ಪೊಲೀಸಮ್ಮನಿಗೆ ಸಿಕ್ಕಿದ್ದು ಹದಿನೈದು ದಿನ, ನನಗೆ ಆರು ವರ್ಷ. ಅಭ್ಯಾಸದ ಹೊತ್ತಿಗೆ ಕತ್ತರಿಯನ್ನೇ ಎಸೆಯಲು ಕೊಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಕೊಡುತ್ತಿರಲಿಲ್ಲ.

ಆ ಸಂಜೆ ಅಂಗಡಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡೆ. ಕತ್ತರಿಯನ್ನು ತಲೆಯ ಮೇಲಕ್ಕೆ ಎತ್ತಿ ಕಲ್ಲುನೆಲಕ್ಕೆ ಬಿಟ್ಟೆ. ಒಂದಲ್ಲ, ಮೂರು ಸಲ. ಎತ್ತಿಕೊಂಡು ಒಂದು ತುಂಡು ಬಟ್ಟೆ ಹಿಡಿದು ನೋಡಿದೆ. ಒಂದು ನೂಲೂ ಎಳೆಯದೆ, ಎಂದಿನ ಹಾಗೆಯೇ ಕತ್ತರಿಸಿತು.

ಇದನ್ನು ಮುಂದಕ್ಕೆ ಕಳಿಸಿ. ಹೆದರಿಕೊಂಡು ಬದುಕುವ ಹೆಣ್ಣುಮಕ್ಕಳಿಗೆ ಆಮೇಲೆ ಕಳಿಸಿದರೂ ನಡೆಯುತ್ತದೆ. ಅವರಿಗೆ ಕೆಲಸ ಕಲಿಸುವವರಿಗೆ ಮೊದಲು ಕಳಿಸಿ.