ದೀಪ ಆರಿಸಿ ಆಡಿದ ಮಾತು

ಸೊಸೆ ನಡುಮನೆಯ ದೀಪ ಆರಿಸಿದಳು. ಇನ್ನು ಗುಟ್ಟು ಮಾತಾಡಬಹುದು.

"ಗಾರೆಯವನು ನಾಳೆ ಬರ್ತಾನಂತೆ. ಅಷ್ಟರಲ್ಲಿ ಅತ್ತೇನ ಸಾಗಹಾಕಿಬಿಡ್ರೀ," ಎಂದಳು ಗಂಡನಿಗೆ.

ಎರಡು ಮಾರು ಆಚೆ ಕುರ್ಚಿಯಲ್ಲಿ ಅತ್ತೆ ಕತ್ತಲನ್ನು ನೋಡುತ್ತ ಸುಮ್ಮನೆ ಕೂತಿದ್ದರು.

ದೀಪ ಆರಿಸುವ ಈ ಉಪಾಯ ಮಗನದು. ಅವನು ಹೊಸ ಬಗೆಯ ದೀಪ ಅಳವಡಿಸುವ ಕಸುಬಿನವನು. ಕಣ್ಣಿಗೆ ಕಾಣದಷ್ಟು ಬೇಗ ಮಿಣುಕಿ, ಆ ಮಿಣುಕಿನಲ್ಲೇ ಯಂತ್ರಗಳಿಗೆ ಸುದ್ದಿ ಮುಟ್ಟಿಸುವ ದೀಪ. ಹಗಲೂ ಅದನ್ನು ಉರಿಸುತ್ತಿದ್ದರು. ಮನೆಯ ಸಾಮಾನೆಲ್ಲ ಅದರ ಬೆಳಕಿನಲ್ಲೇ ಹರಟುತ್ತಿತ್ತು. ಅಮ್ಮನ ಕಿವಿಯ ಮಷೀನನ್ನೂ ಅವನು ಅದಕ್ಕೇ ಜೋಡಿಸಿದ್ದ. ನಮ್ಮ ಮಾತನ್ನು ದೀಪವೇ ಅಮ್ಮನ ಕಿವಿಗೆ ಹಾಕುತ್ತದೆ, ದೀಪ ಆರಿತೋ, ಗೋಡೆಗಾದರೂ ಕಿವಿ ಇದ್ದೀತು, ಅಮ್ಮನಿಗಿಲ್ಲ ಎಂದು ಹೆಂಡತಿಗೆ ವಿವರಿಸಿದ್ದ. ಅಂದಿನಿಂದ ಆ ಮನೆಯಲ್ಲಿ ಒಳ್ಳೆಯ ಮಾತೆಲ್ಲ ಬೆಳಕಿನಲ್ಲಿ, ಕೆಟ್ಟದ್ದೆಲ್ಲ ಕತ್ತಲಲ್ಲಿ. ಗಂಡ ಹೆಂಡತಿ ತಡಕಾಡುತ್ತ ಮೇಜಿಗೆ ಮೊಣಕಾಲು ತಾಗಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಸೊಸೆಗೆ ಬೇಕಾದದ್ದು ಅತ್ತೆಯ ಕೋಣೆ. ಬೀದಿ ಕಡೆಯ ಗೋಡೆ ಒಡೆಸಿ ಹೊಲಿಗೆ ಅಂಗಡಿ ಇಡುವ ಆಸೆ. ಎರಡು ದಿನ ಇದ್ದು ಬನ್ನಿ ಎಂದು ಅತ್ತೆಯನ್ನು ಮಗಳ ಮನೆಗೆ ಕಳಿಸಿದರಾಯಿತು. ತಿರುಗಿ ಬರುವಷ್ಟರಲ್ಲಿ ಕೋಣೆಯೇ ಇರುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಅತ್ತೆ ಮಲಗಿದ್ದು ಅಲ್ಲೇ, ಗಂಡ ಕಣ್ಣು ಮುಚ್ಚಿದ್ದೂ ಅಲ್ಲೇ. ಮಗನ ಕರುಳು ಚುರುಕ್ಕೆನ್ನುತ್ತಿತ್ತು. ಅರಳುಮರಳಾದವರಿಗೆ ಯಾವ ಕೋಣೆಯಾದರೇನು ಎಂದು ಹೆಂಡತಿ ಅವನ ಬಾಯಿ ಮುಚ್ಚಿಸಿದ್ದಳು.

ಅದೂ ಸುಳ್ಳಲ್ಲ. ಊಟ ಆಯಿತೇ ಎಂದರೆ, ಬಾಗಿಲು ಸರಿಯಾಗಿ ಹಾಕಿಲ್ಲ ಎನ್ನುತ್ತಿದ್ದರು ಅತ್ತೆ. ಮೈ ಹೇಗಿದೆ ಎಂದರೆ, ಇನ್ನೊಂದು ಸಲ ಹಿಂಡಬೇಕು ಎನ್ನುತ್ತಿದ್ದರು.

ಸೊಸೆ ದೀಪ ಹಾಕಿದಳು. ಮುಖಕ್ಕೆ ನಗು ತಂದುಕೊಂಡು, ನಾಳೆ ಮಗಳ ಮನೆಗೆ ಹೋಗಿ ಬರುತ್ತೀರಾ ಎಂದು ಕೇಳಿದಳು.

"ಮೊಟ್ಟೆ ಖಾಲಿಯಾಗಿದೆ," ಎಂದರು ಅತ್ತೆ.

ಸೊಸೆ ಗಂಡನತ್ತ ನೋಡಿ ಮತ್ತೆ ದೀಪ ಆರಿಸಿದಳು. "ನೋಡಿದ್ರಾ? ಇವರಿಗೆ ಕೋಣೆ ಯಾಕ್ರೀ?"

"ಗಾರೆಯವನು ನಾಳೆ ಬರಲ್ಲಮ್ಮ," ಎಂದಿತು ಅತ್ತೆಯ ದನಿ. "ಬೀದೀಲಿ ಸಿಕ್ಕಿದ್ದ. ಬೇಡ ಅಂದೆ."

ಕತ್ತಲಲ್ಲಿ ನಿನಗೆ ಕೇಳಿಸುತ್ತಾ ಅಮ್ಮ, ಎಂದು ಮಗ ತೊದಲಿದ.

"ಕತ್ತಲಲ್ಲೇ ಕಣೋ ಕೇಳಿಸೋದು. ದೀಪ ಉರೀತಿದ್ರೆ ಕಿವಿ ತುಂಬ ಆ ಫ್ರಿಜ್ಜು, ವಾಷಿಂಗ್ ಮಷೀನುಗಳದ್ದೇ ಮಾತು."